ಎರಡು ಮೀಟುಗಳ ನಡುವೆ

“ಗುರುಗಳೇ, ಕಂಟಿನ್ಯುವಲ್ ಎನ್ನುವುದಕ್ಕೂ ಕಂಟಿನ್ಯುವಸ್ ಎನ್ನುವುದಕ್ಕೂ ಏನು ವ್ಯತ್ಯಾಸ?” ಎಂದು ಶಿಷ್ಯ ಮರುಳಪ್ಪ ಕೇಳಿದ. ಅವನು ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ. ನಿಂತು ನಿಂತು ಮತ್ತೆ ಬರುವುದು ಮೊದಲನೆಯದು, ನಡುವೆ ತೆರಪೇ ಇಲ್ಲದ್ದು ಎರಡನೆಯದು ಎಂದು ನಿಘಂಟು ಹೇಳುತ್ತಿತ್ತು. ಮೊದಲನೆಯದಕ್ಕೆ ಅವನು ಕೆಮ್ಮಿನ ಉದಾಹರಣೆ ಕೊಟ್ಟಿದ್ದ. ಎರಡನೆಯದಕ್ಕೆ ಯಾವುದನ್ನು ಹೇಳಿದರೂ ತರಗತಿಯ ಹುಡುಗಿಯೊಬ್ಬಳು, ಅದೂ ನಿಲ್ಲುತ್ತದಲ್ಲ ಸಾರ್ ಎಂದು ಬಾಯಿ ಮುಚ್ಚಿಸಿದ್ದಳು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಹಾಡುಗಾರನಿದ್ದ. ಅವನ ಹಿಂದೆ ಕೂತು ತಂಬೂರಿ ಮೀಟಲು ಹೊಸಬನೊಬ್ಬ ಬಂದ. ಆ ಜಾಗಕ್ಕಾಗಿ ಏಳು ವರ್ಷ ಕಾದವನು. ಶ್ರುತಿ ಒಂದು ಕ್ಷಣ ಕಡಿದರೂ ನಾಳೆಯಿಂದ ಬರಬೇಡ ಎಂದು ಹಾಡುಗಾರ ಮೊದಲೇ ಹೇಳಿಬಿಟ್ಟಿದ್ದ. ಎಲ್ಲಿ ತೆರಪು ಬಿದ್ದೀತೋ ಎಂಬ ಭಯದಲ್ಲಿ ಹೊಸಬ ಬಿಡುವೇ ಕೊಡದೆ ಮೀಟತೊಡಗಿದ. ಆದರೆ ಮೊಳಗುತ್ತಿರುವ ತಂತಿಯನ್ನು ಬೆರಳು ಮುಟ್ಟಿದೊಡನೆ ಅದರ ನಾದ ಸಾಯುತ್ತದೆ. ಅವಸರಪಟ್ಟಷ್ಟೂ ಶ್ರುತಿ ತುಂಡುತುಂಡಾಯಿತು. ಸಭೆಯಲ್ಲಿ ತಲೆಗಳು ತಿರುಗಿದವು. ಅವನು ಇನ್ನೂ ಬೇಗ ಮೀಟಿದ.

ಹಾಡುಗಾರ ಹಾಡು ನಿಲ್ಲಿಸಿದ. ತಿರುಗಿ ನೋಡದೆಯೇ ಹೇಳಿದ: “ಏನಯ್ಯಾ, ಹತ್ತಿ ಹಿಂಜುತ್ತಿದ್ದೀಯಾ? ಮೀಟು. ಮೀಟಿ ಕೈ ಬಿಡು.”

“ಬಿಟ್ಟರೆ ಕಡಿದುಹೋಗುತ್ತದೆ, ಸ್ವಾಮಿ.”

“ಬಿಟ್ಟು ನೋಡಿದ್ದೀಯಾ?”

ಹೇಗೂ ಜಾಗ ಹೋಯಿತು ಎಂದುಕೊಂಡು ಅವನು ಒಂದು ತಂತಿ ಮೀಟಿ ಬೆರಳೆತ್ತಿದ. ಉಸಿರು ಬಿಗಿಹಿಡಿದು ಕಾದ. ನಾದ ಸಾಯಲಿಲ್ಲ. ಅರಳಿತು. ಮುಂದಿನ ತಂತಿಯ ಒಳಗೆ ಹೊಕ್ಕಿತು, ಅಲ್ಲಿಂದ ಅದರ ಮುಂದಿನದಕ್ಕೆ. ನಾಲ್ಕು ತಂತಿ ಕಳೆಯುವಷ್ಟರಲ್ಲಿ ಯಾವುದು ಎಲ್ಲಿ ಮುಗಿಯಿತೆಂದು ಅವನಿಗೇ ತಿಳಿಯಲಿಲ್ಲ. ಬೆರಳು ನಿಂತು ನಿಂತು ನಡೆಯಿತು. ನಾದ ಕೂದಲೆಳೆಯಷ್ಟೂ ನಿಲ್ಲಲಿಲ್ಲ. ಅದು ತನ್ನ ಕೈಯಿಂದಲೇ ಬರುತ್ತಿದೆ ಎಂದು ನಂಬಲು ಅವನಿಗೆ ಧೈರ್ಯ ಬರಲಿಲ್ಲ. ಹಾಡುಗಾರ ಕಣ್ಣು ಮುಚ್ಚಿ ಮತ್ತೆ ಷಡ್ಜ ಹಿಡಿದ. ಮರುದಿನ ತಂಬೂರಿಯನ್ನು ಅವನ ಕೈಗೇ ಕೊಟ್ಟ.

“ಹಾಗಾದರೆ ಬೆರಳು ಮೊದಲನೆಯ ಪದ, ನಾದ ಎರಡನೆಯದು,” ಎಂದ ಮರುಳಪ್ಪ. ಏಳಲು ಹೊರಟವನು ಮತ್ತೆ ಕೂತ. “ಆದರೆ ಕಛೇರಿ ಮುಗಿದಾಗ ಅದೂ ನಿಲ್ಲುತ್ತದಲ್ಲ ಎಂದು ಆ ಹುಡುಗಿ ಬಿಡದೆ ಕೇಳುತ್ತಾಳೆ.”

ಗುರುಗಳು ಅವನ ಬೆರಳನ್ನು ಹಿಡಿದು ಅವನದೇ ನಾಡಿಯ ಮೇಲೆ ಇರಿಸಿದರು.

“ಇದು ಬಡಿದು ನಿಲ್ಲುತ್ತದೆ, ಮತ್ತೆ ಬಡಿಯುತ್ತದೆ, ಆ ನಡುವೆ ನೀನು ಎಲ್ಲಿಗೆ ಹೋಗಿರುತ್ತೀಯೆ?”

ಮರುಳಪ್ಪ ಬೆರಳು ತೆಗೆಯಲಿಲ್ಲ.