ದ್ಯಾವಪ್ಪನ ಬಾಯಲ್ಲಿ ಅಕ್ಕಿ

ಹೊಳೆದಂಡೆಯ ಆಶ್ರಮದಲ್ಲಿ ಕಳೆದುಹೋದದ್ದು ಪೂಜೆಯ ಬೆಳ್ಳಿ ಬಟ್ಟಲು. ಸಿಕ್ಕಿಬಿದ್ದದ್ದು ಹೂ ತರುವ ದ್ಯಾವಪ್ಪ.

ಹಿಡಿದವನು ಶಿಷ್ಯ ಕರಿಸಿದ್ಧ. ಕಳ್ಳನನ್ನು ಹಿಡಿಯುವುದರಲ್ಲಿ ಸುತ್ತಲ ಹಳ್ಳಿಗೆಲ್ಲ ತನ್ನಂಥವನಿಲ್ಲ ಎಂದು ಅವನು ಹೇಳಿಕೊಳ್ಳುತ್ತಿದ್ದ. ಬೇರೆ ಯಾರೂ ಹೇಳಿದ್ದಿಲ್ಲ.

"ಗುರುಗಳೇ, ಇವನೇ. ದೋಣಿ ಕಾಯ್ತಾ ಇದೆ. ಆಚೆ ದಡಕ್ಕೆ ಅಟ್ಟಿಬಿಡೋಣ. ಮತ್ತೆ ಈ ಕಡೆ ಕಾಲಿಡಬಾರದು."

ದ್ಯಾವಪ್ಪನ ಹೆಂಡತಿ ಕೂಸನ್ನೆತ್ತಿಕೊಂಡು ಬಾಗಿಲ ಹೊರಗೆ ನಿಂತಿದ್ದಳು. ಅವರ ಗುಡಿಸಲು, ಹೂದೋಟ ಎಲ್ಲ ಈಚೆ ದಡದಲ್ಲೇ.

"ಇವನೇ ಅಂತ ಹೇಗೆ ಗೊತ್ತಾಯ್ತು?" ಗುರುಗಳು ಕೇಳಿದರು.

"ಅಕ್ಕಿ ಅಗಿಸಿದೆ. ನಮ್ಮೂರ ಪದ್ಧತಿ. ಕದ್ದವನ ಬಾಯಲ್ಲಿ ಜೊಲ್ಲು ಊರೋದಿಲ್ಲ. ನೋಡಿ, ಇವನು ಉಗುಳಿದ್ದು."

ಬಾಳೆಲೆಯ ಮೇಲೆ ಒಣ ನುಚ್ಚು.

"ಬೇರೆ ಯಾರಿಗೆ ಅಗಿಸಿದೆ?"

"ಬೇರೆಯವರ ಮೇಲೆ ನನಗೆ ಅನುಮಾನವೇ ಇಲ್ಲ."

ಗುರುಗಳು ಅವನನ್ನೇ ದಿಟ್ಟಿಸಿದರು.

"ನನಗಿದೆ. ಬಟ್ಟಲು ತೊಳೆದಿಡುವವನು ನೀನು. ಪೂಜೆಕೋಣೆಯ ಬೀಗದ ಕೈ ಇರೋದು ನಿನ್ನ ಸೊಂಟದಲ್ಲಿ."

ಶಿಷ್ಯರೆಲ್ಲ ಕರಿಸಿದ್ಧನ ಕಡೆ ತಿರುಗಿದರು. ಪಕ್ಕದಲ್ಲಿದ್ದವನು ಮೆಲ್ಲಗೆ ಅತ್ತ ಸರಿದ.

ಗುರುಗಳು ಹಿಡಿ ಅಕ್ಕಿ ಚಾಚಿದರು. "ಅಗಿ."

ಕರಿಸಿದ್ಧ ನಕ್ಕ. ಬಾಯಿಗೆ ಹಾಕಿಕೊಂಡ. ಅಗಿಯುತ್ತ ಅಗಿಯುತ್ತ ಸುತ್ತಲಿನ ಕಣ್ಣುಗಳನ್ನು ನೋಡಿದ. ನಗು ಹೋಯಿತು. ಏನೋ ಹೇಳಹೊರಟ; ಬಾಯ್ತುಂಬ ಅಕ್ಕಿ, ಮಾತು ಹೊರಡಲಿಲ್ಲ. ಕೈಯಾಡಿಸಿದ, ತಲೆಯಾಡಿಸಿದ.

"ನೋಡ್ರೋ, ಕೈ ಹೆಂಗೆ ನಡುಗ್ತಿದೆ," ಹಿಂದಿನಿಂದ ಯಾರೋ ಪಿಸುಗುಟ್ಟಿದರು. "ನಾನು ಆಗಲೇ ಅಂದುಕೊಂಡಿದ್ದೆ."

"ಉಗುಳು," ಎಂದರು ಗುರುಗಳು.

ಎಲೆಯ ಮೇಲೆ ಬಿದ್ದದ್ದು ಒಣ ನುಚ್ಚು.

"ಹೆದರಿಕೆಗೆ ಬಾಯಿ ಒಣಗಿತು, ಗುರುಗಳೇ. ನಾನು ಕದ್ದಿಲ್ಲ. ಬೀಗ ಹಾಕಿದ್ದೆ. ನನ್ನ ಮಾತನ್ನಾದರೂ ಕೇಳಿ."

"ಕೇಳ್ತಾ ಇದ್ದೀನಲ್ಲ. ದ್ಯಾವಪ್ಪ ಏನು ಹೇಳಿದ?"

ಕರಿಸಿದ್ಧ ತಲೆ ತಗ್ಗಿಸಿ ಹೇಳಿದ:

"ಅವನ ಬಾಯಲ್ಲಿ ಅಕ್ಕಿ ಇತ್ತು."

ಹೊರಗೆ ಅಂಬಿಗ ಕೂಗು ಹಾಕಿದ. ಕರಿಸಿದ್ಧನಿಗೆ ಮತ್ತೆ ಹುರುಪು ಬಂತು.

"ಆದರೂ ಕದ್ದವನು ಅವನೇ ಆಗಿದ್ದರೆ?"

"ಆಗಿರಬಹುದು," ಎಂದರು ಗುರುಗಳು. "ದೋಣಿ ಕಾಯಲಿ. ಮೊದಲು ಅವನಿಗೊಂದು ಚೊಂಬು ನೀರು ಕೊಡು."