ತಿರುಗಿಸದ ಹಲಗೆ

"ಅಜ್ಜಾರ, ನನ್ನ ತಮ್ಮಗ ನಾ ಏನ ಅಂದ್ರೂ ಸುಮ್ನ ಇರ್ತಾನ್ರಿ. ತಿರುಗಿ ಒಂದ ಮಾತಿಲ್ಲ. ತಡಕೊಳ್ಳೂ ಗುಣ ಅವಗ ಹುಟ್ಟಿನಿಂದ ಬಂದೈತಿ. ಅಂಥವನ ಮುಂದೂ ನಾನು ನಾಲಿಗಿ ಬಿಗಿ ಹಿಡೀಬೇಕೇನ್ರಿ?"

ಮಠದ ಗುರುಗಳನ್ನು ಹೀಗೆ ಕೇಳಿದವನು ಚನ್ನವೀರ. ಪೇಟೆಯಲ್ಲಿ ಬೀಗ, ಮೊಳೆ, ಪೈಪು ಮಾರುವ ಅಂಗಡಿ ಅವನದು. ತಮ್ಮ ಅಡಿವೆಪ್ಪ ಅದೇ ಅಂಗಡಿಯಲ್ಲಿ ದುಡಿಯುತ್ತಾನೆ. ಅಣ್ಣ ಮಠದೊಳಗೆ ಗುರುಗಳ ಮುಂದೆ ಕೂತಿದ್ದ. ತಮ್ಮ ಹೊರಗೆ ಮೆಟ್ಟಿಲ ಬಳಿ ಇಬ್ಬರ ಚಪ್ಪಲಿ ಕಾಯುತ್ತ ಕೂತಿದ್ದ.

ಗುರುಗಳು ಕಿಟಕಿಯಿಂದ ಒಮ್ಮೆ ಆ ಕಡೆ ನೋಡಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಚಪ್ಪಲಿ ಮಾಡುವ ಕಾರ್ಖಾನೆಯಿತ್ತು. ಅಲ್ಲಿ ಒಬ್ಬ ಕೆಲಸಗಾರ ತೊಗಲಿನಿಂದ ಅಟ್ಟೆ ಕತ್ತರಿಸುತ್ತಿದ್ದ. ಕತ್ತರಿಯಿಂದಲ್ಲ, ಪ್ರೆಸ್ಸಿನಿಂದ. ಕೆಳಗೆ ದಪ್ಪನೆಯ ಪ್ಲಾಸ್ಟಿಕ್ ಹಲಗೆ. ಹಲಗೆಯ ಮೇಲೆ ತೊಗಲು. ತೊಗಲಿನ ಮೇಲೆ ಡೈ, ಅಂದರೆ ಪಾದದ ಆಕಾರಕ್ಕೆ ಬಗ್ಗಿಸಿದ ಉಕ್ಕಿನ ಪಟ್ಟಿ, ಕೆಳಗಿನ ಅಂಚು ಕತ್ತಿಯ ಹಾಗೆ ಹರಿತ. ಪ್ರೆಸ್ಸಿನ ತಲೆ ಮೇಲಿಂದ ಇಳಿದು ಡೈಯನ್ನು ಒತ್ತಿದರೆ ಒಂದು ಅಟ್ಟೆ ಸಿದ್ಧ. ಡೈ ತೊಗಲನ್ನು ದಾಟಿ ಕೂದಲೆಳೆಯಷ್ಟು ಹಲಗೆಗೂ ಇಳಿಯುತ್ತದೆ. ಇಳಿಯದಿದ್ದರೆ ತೊಗಲಿನ ಕೊನೆಯ ನಾರು ಹರಿಯುವುದಿಲ್ಲ. ಕೊಳ್ಳುವವರು ತೊಗಲು ಎಂಥದ್ದು ಎಂದು ಕೇಳುತ್ತಾರೆ, ಹೊಲಿಗೆ ಎಂಥದ್ದು ಎಂದು ಕೇಳುತ್ತಾರೆ. ಹಲಗೆಯನ್ನು ಯಾರು ಕೇಳುತ್ತಾರೆ?

ಕೆಲಸಗಾರನಿಗೆ ಕೆಲಸ ಕಲಿಸಿದವನು ಅಲ್ಲೇ ಒಬ್ಬ ಮುದುಕ. ಹಲಗೆ ಆರಿಸುವುದನ್ನೂ ಅವನೇ ಕಲಿಸಿದ್ದ. ತೀರಾ ಗಟ್ಟಿ ಹಲಗೆ ಡೈಯ ಬಾಯಿ ಮುರಿಯುತ್ತದೆ. ತೀರಾ ಮೆತ್ತನೆಯದು ಡೈಯನ್ನು ಕಚ್ಚಿ ಹಿಡಿಯುತ್ತದೆ. ಉಗುರಿನಿಂದ ಒತ್ತಿ ನೋಡಬೇಕು. ಸ್ವಲ್ಪ ಬಗ್ಗಬೇಕು, ಬಗ್ಗಿದ್ದು ಮರಳಿ ಬರಬೇಕು. ಕೆಲಸಗಾರ ಹಾಗೆಯೇ ಹತ್ತು ಹಲಗೆ ನೋಡಿ ಒಂದನ್ನು ಆರಿಸಿದ. ಅಷ್ಟು ಒಳ್ಳೆಯ ಹಲಗೆ ಆ ಕಾರ್ಖಾನೆಗೆ ಅದುವರೆಗೆ ಬಂದಿರಲಿಲ್ಲ. ಡೈ ಮೂಡಿಸಿದ ಗೆರೆ ನೋಡನೋಡುತ್ತಿದ್ದಂತೆ ಮುಚ್ಚಿಕೊಳ್ಳುತ್ತಿತ್ತು.

ಮುದುಕ ಹಲಗೆಯ ಒಂದು ಮೂಲೆಗೆ ಕೆಂಪು ಬಣ್ಣದ ಚುಕ್ಕಿ ಇಟ್ಟುಕೊಟ್ಟ. ಆ ಕಾರ್ಖಾನೆಯಲ್ಲಿ ಅದು ಪದ್ಧತಿ. ದಿನವೂ ಬೆಳಿಗ್ಗೆ ಹಲಗೆಯನ್ನು ಕಾಲು ಸುತ್ತು ತಿರುಗಿಸಬೇಕು, ಚುಕ್ಕಿ ಮುಂದಿನ ಮೂಲೆಗೆ ಹೋಗಬೇಕು. ಸೋಮವಾರಕ್ಕೊಮ್ಮೆ ಹಲಗೆಯನ್ನು ಮಗುಚಿ ಹಾಕಬೇಕು. ಮೈ ಒರಟಾದಾಗ ಹತ್ತರಿ ಹೊಡೆಸಿ ನುಣುಪು ಮಾಡಿಸಬೇಕು. ಏಟು ಒಂದೇ ಕಡೆ ಬೀಳಬಾರದು, ಅಷ್ಟೇ ವಿಷಯ.

ಕೆಲಸಗಾರ ಮೊದಲ ವಾರ ತಿರುಗಿಸಿದ. ಎರಡನೆಯ ವಾರ ಮರೆತ. ಮೂರನೆಯ ವಾರದಿಂದ ಅದು ಬೇಕಿಲ್ಲ ಎನಿಸಿತು. ಹಲಗೆಯ ಎಡಮೂಲೆಯಲ್ಲಿ ಒಂದು ಜಾಗವಿತ್ತು. ಕೈ ಚಾಚಿದರೆ ಡೈ ತಾನಾಗಿ ಅಲ್ಲಿ ಕೂರುತ್ತಿತ್ತು. ಹತ್ತಿರದ್ದು ಬಿಟ್ಟು ದೂರದ್ದಕ್ಕೆ ಕೈ ಚಾಚುವವರು ಎಲ್ಲಿದ್ದಾರೆ? ನಮ್ಮ ಮಠದಲ್ಲೇ ನೋಡು, ಇಷ್ಟು ದೊಡ್ಡ ಪಡಸಾಲೆಯಿದ್ದರೂ ಎಲ್ಲರಿಗೂ ಬಾಗಿಲ ಪಕ್ಕದ ಕಂಬವೇ ಬೇಕು. ಅವನು ಎಡಗಾಲಿನ ಅಟ್ಟೆ ಮಾತ್ರ ಕತ್ತರಿಸುತ್ತಿದ್ದ, ಬಲಗಾಲಿನದು ಪಕ್ಕದ ಪ್ರೆಸ್ಸಿನದು. ಹೀಗೆ ಏಳು ವರ್ಷ ಒಂದೇ ಡೈ, ಒಂದೇ ಜಾಗ, ಒಂದೇ ಎಡಗಾಲು. ಕೆಂಪು ಚುಕ್ಕಿ ಇದ್ದಲ್ಲೇ ಇತ್ತು. ಹಲಗೆಯ ಮೈಮೇಲೆ ಒಂದು ಗೆರೆಯೂ ಕಾಣುತ್ತಿರಲಿಲ್ಲ. ಎಷ್ಟು ಒಳ್ಳೆಯ ಹಲಗೆ ಎಂದು ಅವನು ಎಲ್ಲರ ಮುಂದೆ ಹೊಗಳುತ್ತಿದ್ದ. ಹೊಗಳಿಕೆ ನಿಜವೇ ಆಗಿತ್ತು.

ಮೊದಲು ಹೋದದ್ದು ಸದ್ದು. ಹಲಗೆಗೆ ಏಟು ಬಿದ್ದಾಗ ಟಕ್ ಎನ್ನಬೇಕು. ಒಂದು ದಿನ ಆ ಜಾಗದಲ್ಲಿ ಪ್ರೆಸ್ಸು ಇಳಿಯಿತು, ಅಟ್ಟೆ ಬಂತು, ಸದ್ದು ಬರಲಿಲ್ಲ. ಕೆಲಸಗಾರನಿಗೆ ಖುಷಿಯಾಯಿತು. ಹಲಗೆ ಈಗ ಪಳಗಿತು ಎಂದುಕೊಂಡ. ಪಕ್ಕದ ಪ್ರೆಸ್ಸಿನವನು ಮಾತ್ರ ತನ್ನ ಸ್ಟೂಲನ್ನು ಎರಡು ಗೇಣು ಆಚೆ ಸರಿಸಿಕೊಂಡ. 

ಆಮೇಲೆ ಒಂದು ಮಧ್ಯಾಹ್ನ ಕೆಲಸಗಾರ ತೊಗಲಿನ ತುಂಡನ್ನು ಹಲಗೆಯ ಮೇಲೆ ಬಿಟ್ಟು ಊಟಕ್ಕೆ ಹೋದ. ಡೈ ಇಟ್ಟಿರಲಿಲ್ಲ. ಪ್ರೆಸ್ಸು ನಿಂತಿತ್ತು. ಮರಳಿ ಬಂದು ತೊಗಲು ಎತ್ತಿದರೆ ಕೆಳಮೈಯಲ್ಲಿ ಪಾದದ ಗೆರೆ ಮೂಡಿತ್ತು. ಹಲಗೆಯನ್ನು ಮುಟ್ಟಿ ನೋಡಿದ. ನುಣ್ಣಗಿತ್ತು. ಆದರೆ ಆ ಜಾಗ ಬೆಚ್ಚಗಿತ್ತು, ಈಗಷ್ಟೇ ಯಾರೋ ನಿಂತು ಎದ್ದುಹೋದ ನೆಲದ ಹಾಗೆ. ಅವನು ಆ ತುಂಡನ್ನು ಮಡಚಿ ಕಸದ ಬುಟ್ಟಿಗೆ ಹಾಕಿದ, ಯಾರಿಗೂ ಹೇಳಲಿಲ್ಲ.

ಅವನಿಗೆ ಒಬ್ಬಳೇ ಮಗಳು. ಆ ತಿಂಗಳು ಅವಳು ಗೋಡೆ ಬಿಟ್ಟು ನಡೆಯಲು ಕಲಿತಿದ್ದಳು. ಚಪ್ಪಲಿ ಕತ್ತರಿಸುವವರ ಮನೆಗಳಲ್ಲಿ ಒಂದು ರೂಢಿಯಿತ್ತು. ಮಗುವಿನ ಮೊದಲ ಜೋಡಿಯನ್ನು ತಂದೆ ತನ್ನ ಕೈಯಾರೆ, ತನ್ನ ಹಲಗೆಯ ಮೇಲೆ ಕತ್ತರಿಸಬೇಕು. ಅದನ್ನು ಮೆಟ್ಟಿಸಿದ ಮೇಲೆಯೇ ಮಗುವನ್ನು ಹೊಸಿಲಾಚೆ ಇಳಿಸಬೇಕು. ಮಗಳು ದಿನವೂ ಹೊಸಿಲವರೆಗೆ ನಡೆದು ಬಂದು ಬೀದಿ ನೋಡುತ್ತ ನಿಲ್ಲುತ್ತಿದ್ದಳು.  ಅವನು ಮಗುವಿನ ಅಳತೆಯ ಪುಟ್ಟ ಡೈ ತಂದ, ಎಳೆಯ ಕರುವಿನ ತೊಗಲು ತಂದ, ರೂಢಿಯಾದ ಜಾಗದಲ್ಲಿ ಇಟ್ಟು ಒತ್ತಿದ.

ಪುಟ್ಟ ಅಟ್ಟೆ ಬಂತು. ಅದರ ನಡುವೆ ದೊಡ್ಡ ಪಾದದ ಗೆರೆ ಹಾದು ಅಟ್ಟೆ ಎರಡು ತುಂಡಾಗಿತ್ತು. ಇನ್ನೊಂದು ಒತ್ತಿದ. ಅದೂ ಹಾಗೆಯೇ. ಆರು ಅಟ್ಟೆ ಒತ್ತಿದ. ಹನ್ನೆರಡು ತುಂಡು ಬಂದವು.

ಆಗ ಅವನಿಗೆ ಏಳು ವರ್ಷದ ಹಿಂದೆ ಮುದುಕ ಹೇಳಿದ ಮಾತು ನೆನಪಾಯಿತು. ಹಲಗೆಯನ್ನು ಎತ್ತಿ ಮಗುಚಿದ. ಡೈ ಎಂದೂ ಮುಟ್ಟದ ಅಡಿಮೈ ಅದು. ಅಲ್ಲಿ ಒಂದು ಪಾದ ಮೂಡಿತ್ತು. ಮೇಲಿನದು ಎಡಗಾಲು. ಕೆಳಗಿನಿಂದ ಕಂಡದ್ದು ಬಲಗಾಲು. ಏಳು ವರ್ಷದಲ್ಲಿ ಹಲಗೆ ತನ್ನ ಜೋಡಿಯನ್ನು ತಾನೇ ಪೂರ್ತಿ ಮಾಡಿಕೊಂಡಿತ್ತು.

ಅವನು ಮುದುಕನನ್ನು ಕರೆತಂದ. ಮುದುಕ ಪಾದ ನೋಡಲಿಲ್ಲ. ಬಗ್ಗಿ ಕೆಂಪು ಚುಕ್ಕಿ ನೋಡಿದ. ಅದರ ಸುತ್ತ ಏಳು ವರ್ಷದ ಧೂಳು ಕಟ್ಟಿಕೊಂಡಿತ್ತು.

"ಇದನ್ನ ತಿರುಗಿಸೇ ಇಲ್ಲೇನೋ?"

"ಗಾಯ ತಾನ ಮುಚ್ಕೊಂತಿತ್ತು ಕಾಕಾ. ಸದ್ದು ಸೈತ ಮಾಡ್ತಿರಲಿಲ್ಲ."

"ಸದ್ದು ನಿಂತ ದಿನಾನ ನನ್ನ ಕರೀಬೇಕಿತ್ತು" ಎಂದ ಮುದುಕ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು.

ಇಬ್ಬರೂ ಹಲಗೆಯನ್ನು ಹತ್ತರಿ ಹೊಡೆಯುವಲ್ಲಿಗೆ ಹೊತ್ತೊಯ್ದರು. ಒಂದು ಪದರ ತೆಗೆಸಿದರು. ಗೆರೆ ಅಲ್ಲೇ ಇತ್ತು. ಇನ್ನೊಂದು ತೆಗೆಸಿದರು. ಅಲ್ಲೇ ಇತ್ತು. ಮೇಲೆ ಮುಚ್ಚಿಕೊಂಡದ್ದೆಲ್ಲ ಒಳಗೆ ತೆರೆದೇ ಇತ್ತು. ತೆಗೆದಷ್ಟೂ ಗೆರೆ ಸ್ಪಷ್ಟವಾಗುತ್ತ ಹೋಯಿತು. ಹಲಗೆ ರೊಟ್ಟಿಯಷ್ಟು ತೆಳ್ಳಗಾದಾಗ ಪಾದದ ತುಂಡು ತಾನಾಗಿ ಕಳಚಿಕೊಂಡು ಕಲ್ಲಿನ ನೆಲಕ್ಕೆ ಬಿತ್ತು. ಬಿದ್ದ ಸದ್ದಾಗಲಿಲ್ಲ. ಹತ್ತರಿ ಹೊಡೆಯುವವನು ಕೆಲಸ ನಿಲ್ಲಿಸಿ ಕೈ ತೊಳೆದುಕೊಂಡ.

ಕೆಲಸಗಾರ ಹೊಸ ಹಲಗೆ ತಂದ. ಅದರ ಮೇಲೆ ಮಗಳ ಜೋಡಿ ಕತ್ತರಿಸಿದ. ಎರಡೂ ಇಡಿಯಾಗಿ ಬಂದವು. ಅವನು ಅತ್ತುಬಿಟ್ಟ. ಮರುದಿನ ಬೆಳಿಗ್ಗೆ ಮಗಳಿಗೆ ಮೆಟ್ಟಿಸಿ, ಎತ್ತಿಕೊಂಡು, ಹೊಸಿಲಾಚೆ ಇಳಿಸಿದ. ಮಗು ಒಂದು ಹೆಜ್ಜೆ ಇಟ್ಟಿತು. ಎರಡನೆಯ ಹೆಜ್ಜೆಗೆ ಕಾಲೆತ್ತಲಿಲ್ಲ. ತಲೆ ಬಗ್ಗಿಸಿ ನೆಲ ನೋಡುತ್ತ ನಿಂತಿತು, ಕೆಳಗಿನಿಂದ ಯಾರೋ ಅಂಗಾಲಿಗೆ ಅಂಗಾಲು ಕೊಟ್ಟು ನಿಂತಿದ್ದಾರೆ ಎಂಬಂತೆ. ತಾಯಿ ಕರೆದಳು. ಮಗು ಬರಲಿಲ್ಲ, ಅಳಲೂ ಇಲ್ಲ. ಅಪ್ಪ ಮೊಣಕಾಲೂರಿ ನೆಲಕ್ಕೆ ಕಿವಿಕೊಟ್ಟ. ಏನೂ ಕೇಳಿಸಲಿಲ್ಲ.  ಅಂದಿನಿಂದ ಅವನು ಬೆಳಿಗ್ಗೆ ಎದ್ದು ಹಲಗೆ ತಿರುಗಿಸುತ್ತಾನೆ, ಬೆರಳ ಗೆಣ್ಣಿನಿಂದ ಅದನ್ನು ಬಡಿದು ಸದ್ದಿಗಾಗಿ ಕಾಯುತ್ತಾನೆ. ಮಗಳು ಹೊಸಿಲಾಚೆ ಅಲ್ಲೇ ನಿಂತಿದ್ದಾಳೆ.

ಗುರುಗಳು ಕತೆ ನಿಲ್ಲಿಸಿದರು.

ಚನ್ನವೀರ ತುಟಿ ಒದ್ದೆ ಮಾಡಿಕೊಂಡು ನಕ್ಕ. "ಹಲಗಿ ಬ್ಯಾರೆ, ಮನಶಾ ಬ್ಯಾರೆ ಬಿಡ್ರಿ ಅಜ್ಜಾರ. ನಮ್ಮ ಅಡಿವೆಪ್ಪ ಮನಸಿನ್ಯಾಗ ಏನೂ ಇಟ್ಕೊಳ್ಳಂಗಿಲ್ಲ. ಈಗೀಗಂತೂ ಅವಗ ಎಷ್ಟ ಬೈದ್ರೂ ಮಾರಿ ಸೈತ ಬದಲಾಗಂಗಿಲ್ಲ."

ಗುರುಗಳು ಕಿಟಕಿಯ ಕಡೆ ನೋಡಿದರು. ಹೊರಗೆ ಅಡಿವೆಪ್ಪ ಅಣ್ಣನ ಚಪ್ಪಲಿಗಳನ್ನು ಅಂಗಿಯ ತುದಿಯಿಂದ ಒರೆಸಿ, ಮೆಟ್ಟಲು ಅನುಕೂಲವಾಗುವಂತೆ ತಿರುಗಿಸಿ ಇಡುತ್ತಿದ್ದ. ದಾರಿಯಲ್ಲಿ ಹೋಗುವವರು ಯಾರೋ ಅವನನ್ನು ಮಾತನಾಡಿಸಿದರು. ಅವನು ತಲೆಯಷ್ಟೇ ಆಡಿಸಿದ.

ಚನ್ನವೀರನೂ ಅದನ್ನು ನೋಡಿದ.

"ನಿನ್ನ ತಮ್ಮನ ದನಿ ಹ್ಯಾಂಗ ಐತಿ, ಹೇಳು" ಎಂದರು ಗುರುಗಳು.

ಚನ್ನವೀರ ಬಾಯಿ ತೆರೆದ, ನೆನಪು ಮಾಡಿಕೊಳ್ಳುತ್ತ ಹಾಗೆಯೇ ಕೂತ.