ಕಡಲೆಪುರಿಗಾಗಿ ಕೊಳ ಕದಡಿದ್ದು

ಲೋಕ ಆಗಷ್ಟೇ ಹುಟ್ಟಿತ್ತು. ನೆಲದ ಹಸಿ ಇನ್ನೂ ಆರಿರಲಿಲ್ಲ. ಯಾವ ದಿಕ್ಕಿನಲ್ಲಿ ಹುಟ್ಟಬೇಕು ಅನ್ನುವುದು ಸೂರ್ಯನಿಗೇ ಸರಿಯಾಗಿ ರೂಢಿಯಾಗಿರಲಿಲ್ಲ. ಆ ಕಾಲದಲ್ಲಿ ಏಳು ಮನೆಗಳ ಒಂದು ಕೇರಿ, ಕೇರಿಯ ನಡುವೆ ಒಂದು ಕೊಳ. ಎಲ್ಲರೂ ಅವಳನ್ನು ಕೊಳದವ್ವ ಅನ್ನುತ್ತಿದ್ದರು.

ಕೊಳದವ್ವನ ನೀರು ಎಷ್ಟು ತಿಳಿ ಅಂದರೆ, ತಳದಲ್ಲಿ ಬಿದ್ದ ಮೂಗುತಿಯನ್ನು ದಡದಲ್ಲಿ ನಿಂತೇ ಹುಡುಕಬಹುದಿತ್ತು. ಏಳೂ ಮನೆಗೆ ಕುಡಿಯಲು ಅದೇ ನೀರು. ಬಾವಿ ಅನ್ನುವ ಮಾತೇ ಇನ್ನೂ ಹುಟ್ಟಿರಲಿಲ್ಲ. ಯಾವ ಮನೆಯಲ್ಲಿ ಕೂಸು ಹುಟ್ಟಿದರೂ ಬಾಣಂತಿ ಮೊದಲ ಸಲ ಹೊಸಿಲು ದಾಟಿ ಬರುತ್ತಿದ್ದುದು ಅವಳ ಹತ್ತಿರಕ್ಕೇ. ಅರಿಸಿನ ಕುಂಕುಮ ಇಟ್ಟು, ಗಂಗೆಪೂಜೆ ಮಾಡಿ, ಒಂದು ಕೊಡ ನೀರು ತುಂಬಿಕೊಂಡು ಮನೆಗೆ ಹೋಗುತ್ತಿದ್ದಳು. ಕೊಳದವ್ವನಿಗೆ ಅದೇ ಹೆಮ್ಮೆ, ಅದೇ ಹಬ್ಬ.

ಇಷ್ಟೇ ಆಗಿದ್ದರೆ ಕತೆ ಇಲ್ಲಿಗೇ ಮುಗಿಯುತ್ತಿತ್ತು, ನಾನೂ ನನ್ನ ಕೆಲಸ ನೋಡಿಕೊಳ್ಳುತ್ತಿದ್ದೆ. ಆದರೆ ಕೊಳದಲ್ಲಿ ಮೀನುಗಳಿದ್ದವು. ಬಾತುಕೋಳಿಗಳೂ ಇದ್ದವು.

ಅಬ್ಬಬ್ಬಾ, ಅವುಗಳ ಜಗಳ!

“ಅವ್ವಾ, ಈ ಮೀನು ನನ್ನ ಕಾಲು ಕಚ್ತು!”

“ಅವ್ವಾ, ಈ ಬಾತು ನನ್ನ ತಲೆ ಮೇಲೇ ಹೇತುಬಿಡ್ತು!”

“ಅವ್ವಾ, ಆ ಹುಳ ನಾನು ಮೊದಲು ನೋಡಿದ್ದು!”

ಬೆಳಗ್ಗೆ ಅವ್ವಾ, ಮಧ್ಯಾಹ್ನ ಅವ್ವಾ, ಸಂಜೆ ಅವ್ವಾ. ಕೊಳದವ್ವನಿಗೆ ತಲೆ ಚಿಟ್ಟು ಹಿಡಿಯಿತು. ಒಂದು ದಿನ ಇಬ್ಬರನ್ನೂ ಕರೆದು ಹೇಳಿದಳು: “ಇವತ್ತಿಂದ ತೇಲೋದೆಲ್ಲ ಬಾತಿಗೆ, ಮುಳುಗೋದೆಲ್ಲ ಮೀನಿಗೆ. ಇನ್ನೊಂದ್ಸಲ ನನ್ನ ತಲೆ ತಿಂದ್ರೆ ಇಬ್ಬರನ್ನೂ ಆಚೆಗೆ ಅಟ್ತೀನಿ.”

ಹುಳುಹುಪ್ಪಟೆ ತೇಲುತ್ತಿದ್ದವು, ಬಾತುಗಳು ತಿಂದವು. ಬೀಜಗಳು ಮುಳುಗುತ್ತಿದ್ದವು, ಮೀನುಗಳು ತಿಂದವು. ಕೆಲವು ದಿನ ಕೊಳದವ್ವ ನೆಮ್ಮದಿಯಾಗಿದ್ದಳು.

ಅಷ್ಟರಲ್ಲಿ ದಡದ ಮನೆಯ ಮರಿಗೌರಮ್ಮನ ಮಗಳು ಚೆಲುವಿಗೆ ಹೆಣ್ಣುಕೂಸು ಹುಟ್ಟಿತು. ಗಂಗೆಪೂಜೆಗೆ ದಿನ ಗೊತ್ತಾಯಿತು. ಕೊಳದವ್ವ ಮತ್ತೆ ಇಬ್ಬರನ್ನೂ ಕರೆದಳು.

“ನಾಳೆ ಚೆಲುವಿ ಬರ್ತಾಳೆ. ಒಂದು ಕೊಡ ತಿಳಿನೀರು ತುಂಬ್ಕೊಂಡು ಹೋಗೋವರೆಗೂ ಅಲ್ಲಾಡಬೇಡಿ. ನನ್ನ ಮಾನ ನಿಮ್ಮ ಕೈಲಿದೆ.”

“ನಮ್ಮಿಂದ ಏನೂ ತೊಂದ್ರೆ ಇಲ್ಲವ್ವ” ಎಂದಿತು ಹಿರಿಯ ಬಾತು.

“ಬಾತು ಸುಮ್ಮನಿದ್ರೆ ನಾನೂ ಸುಮ್ಮನೆ” ಎಂದಿತು ಗೆಂಡೆ ಮೀನು.

ಈ ಮಾತು ಕೇಳಿದಾಗಲೇ ಕೊಳದವ್ವನಿಗೆ ಅನುಮಾನ ಬರಬೇಕಿತ್ತು.

ಮರುದಿನ ಚೆಲುವಿ ಕಿವಿಗೆ ಬಟ್ಟೆ ಕಟ್ಟಿಕೊಂಡು, ಸೊಂಟದ ಮೇಲೆ ಕೊಡ ಇಟ್ಟುಕೊಂಡು ಬಂದಳು. ಕೂಸು ಮರಿಗೌರಮ್ಮನ ತೋಳಲ್ಲಿತ್ತು. ಪೂಜೆಯಾಯಿತು. ಬೇರೆ ಮನೆಯವರು ಪೂಜೆ ಮುಗಿಸಿ ನೆನೆಸಿದ ಕಡಲೆಯನ್ನು ನೀರಿಗೆ ಹಾಕುತ್ತಿದ್ದರು. ಅದು ಸೀದಾ ಮುಳುಗುತ್ತಿತ್ತು, ತಕರಾರಿಲ್ಲ. ಆದರೆ ಮರಿಗೌರಮ್ಮನದು ಧಾರಾಳದ ಕೈ. “ಮೊದಲನೇ ಮೊಮ್ಮಗಳು! ನೀರಲ್ಲಿರೋ ಜೀವಗಳೂ ಬಾಯಾಡಿಸ್ಲಿ” ಅಂದವಳೇ ಒಂದು ಮೊರ ಕಡಲೆಪುರಿ ಸುರಿದುಬಿಟ್ಟಳು.

ಪುರಿ ತೇಲಿತು. ಬಾತುಗಳು ಬಂದವು, ಎರಡು ಬಾಯಿ ತಿಂದವು. ಅಷ್ಟರಲ್ಲಿ ಪುರಿ ನೆನೆಯಿತು. ನೆನೆದು ಮೆಲ್ಲಗೆ ಮುಳುಗತೊಡಗಿತು.

“ನಿಲ್ಲು! ಮುಳುಗ್ತಿದೆ. ಇನ್ನು ನಮ್ದು!” ಎಂದಿತು ಗೆಂಡೆ ಮೀನು.

“ಬಿದ್ದಾಗ ತೇಲ್ತಿತ್ತು. ನಮ್ದೇ!” ಎಂದಿತು ಹಿರಿಯ ಬಾತು.

“ಅರ್ಧ ಮುಳುಗಿದೆ!”

“ಅರ್ಧ ತೇಲ್ತಿದೆ!”

ನ್ಯಾಯ ಹೇಳು ಎಂದು ಇಬ್ಬರೂ ಗಾಳಿಯನ್ನು ಕೇಳಿದರು. “ನನ್ನನ್ನ ಮಧ್ಯೆ ಎಳೀಬೇಡಿ ಕಣ್ರಪ್ಪ” ಎಂದು ಗಾಳಿ ಹೊರಟೇಹೋಯಿತು.

ಮುಳುಗುವವರೆಗೆ ಕಾಯುವ ತಾಳ್ಮೆ ಮೀನುಗಳಿಗಿಲ್ಲ. ಬಾಯಿ ಮೇಲೆತ್ತಿ, ತೇಲುತ್ತಿದ್ದ ಪುರಿಯನ್ನೇ ನುಂಗತೊಡಗಿದವು. ಮುಳುಗಿದ್ದನ್ನು ಬಿಟ್ಟುಕೊಡುವ ಮನಸ್ಸು ಬಾತುಗಳಿಗಿಲ್ಲ. ತಲೆ ಕೆಳಗೆ, ಬಾಲ ಮೇಲೆ ಮಾಡಿಕೊಂಡು ತಳದ ಕೆಸರನ್ನೇ ಕೆದಕತೊಡಗಿದವು. ತೇಲುವುದು ಮೀನಿಗೆ, ಮುಳುಗಿದ್ದು ಬಾತಿಗೆ! ನೋಡುನೋಡುತ್ತಲೇ ನೀರು ರಾಗಿ ಅಂಬಲಿಯ ಹಾಗಾಯಿತು.

ಚೆಲುವಿ ಕೊಡ ಮುಳುಗಿಸಿದಳು. ಕೆಸರು. ಚೆಲ್ಲಿ ಮತ್ತೆ ಮುಳುಗಿಸಿದಳು. ಮತ್ತೂ ಕೆಸರು. ಬಿಸಿಲೇರಿತು, ಕೂಸು ಅಳತೊಡಗಿತು.

“ಏನ್ ಮಾಡ್ಲವ್ವಾ? ಬರಿಗೊಡ ಹೊತ್ಕೊಂಡು ಮನೆಗೆ ಹೋಗಂಗಿಲ್ಲ. ಈ ಕೆಸರನ್ನ ಒಳಗೆ ತಗೊಂಡು ಹೋಗಂಗೂ ಇಲ್ಲ” ಎಂದು ಚೆಲುವಿ ಕಣ್ಣೀರು ಹಾಕಿದಳು.

“ತಡಿ ಮಗಳೇ, ಒಂದು ಗಳಿಗೆ ತಡಿ. ತಿಳಿಯಾಗ್ತೀನಿ” ಎಂದು ಕೊಳದವ್ವ ಬೇಡಿಕೊಂಡಳು.

ತಿಳಿಯಾಗಲು ಬಿಟ್ಟರೆ ತಾನೆ? ಕೆಸರು ಇನ್ನೇನು ಕೂರಬೇಕು, ಅಷ್ಟರಲ್ಲಿ ಇನ್ನೊಂದು ಪುರಿ, ಇನ್ನೊಂದು ಬಾಲ ಮೇಲೆ. ಕೊನೆಗೆ ಒಂದೇ ಒಂದು ಪುರಿ ಉಳಿದಿತ್ತು. ಅದನ್ನೂ ಬಿಡಲಿಲ್ಲ, ಪಾಪಿಗಳು.

ಮರಿಗೌರಮ್ಮ ನಿಟ್ಟುಸಿರು ಬಿಟ್ಟಳು. “ನಿನ್ನ ತಪ್ಪಲ್ಲ ಕಣೇ ಕೊಳದವ್ವಾ. ಆದ್ರೆ ಹಸಿ ಬಾಣಂತಿ ಬಿಸಿಲಲ್ಲಿ ಎಷ್ಟೊತ್ತು ನಿಂತಾಳು?”

ಕೇರಿಯ ಹಿಂದೆ ಒಣಗಿದ ಹಳ್ಳವಿತ್ತು. ಮರಿಗೌರಮ್ಮ ಕೂಸನ್ನು ಮಗಳ ಕೈಗೆ ಕೊಟ್ಟು, ಅಲ್ಲಿ ಮರಳನ್ನು ಬಗೆದಳು. ಮೊಣಕೈ ಆಳ ಹೋಗುವಷ್ಟರಲ್ಲಿ ತಣ್ಣನೆಯ ತಿಳಿನೀರು ಜಿನುಗಿತು. ಚೆಲುವಿ ಅದಕ್ಕೆ ಕುಂಕುಮ ಇಟ್ಟು, ಕೊಡ ತುಂಬಿಕೊಂಡು ಮನೆಗೆ ನಡೆದಳು. ಮುಂದಿನ ಬಾಣಂತಿಯೂ ಅಲ್ಲಿಗೇ ಹೋದಳು. ಆಮೇಲೆ ಯಾರೋ ಅದನ್ನು ಇನ್ನಷ್ಟು ಆಳ ತೋಡಿ ಸುತ್ತ ಕಲ್ಲು ಕಟ್ಟಿದರು. ಅದೇ ಮೊದಲ ಬಾವಿ. ಕೊಳದ ದಡಕ್ಕೆ ಮತ್ತೆ ಯಾರೂ ಕೊಡ ತರಲಿಲ್ಲ.

ಕೊಳದವ್ವ ಅತ್ತಳು. ಅತ್ತು ಮುಗಿದ ಮೇಲೆ ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು.

“ಒಂದೇ ಒಂದು ದಿನ ಸುಮ್ಮನಿರಿ ಅಂದೆ, ಆಗ್ಲಿಲ್ಲ ನಿಮ್ಮ ಕೈಲಿ! ಹಾಗೇ ಇರಿ ಇನ್ನು! ನೀನು ಬಾಯಿ ಮೇಲೆ ಮಾಡ್ಕೊಂಡೇ ಹುಡುಕು. ನೀನು ತಲೆ ಕೆಳಗೆ ಮಾಡ್ಕೊಂಡೇ ಹುಡುಕು. ಆ ಪುರಿ ಇನ್ನು ಸಿಕ್ಕಲ್ಲ!”

ಅದಕ್ಕೇ ಮಗೂ, ಇವತ್ತಿಗೂ ಮೀನುಗಳು ನೀರಿನ ಮೇಲೆ ಬಾಯಿ ತೆರೆದು ಮುಚ್ಚಿ ಮಾಡುತ್ತವೆ, ಬಾತುಕೋಳಿಗಳು ಬಾಲ ಎತ್ತಿ ಕೆಸರು ಕೆದಕುತ್ತವೆ, ಬಾಣಂತಿಯರು ಪೂಜೆಗೆ ಬಾವಿಗೆ ಹೋಗುತ್ತಾರೆ. ಆದರೆ ಕೊಳದವ್ವ ಆಸೆ ಬಿಟ್ಟಿಲ್ಲ. ಬಾತುಗಳು ನೀರಿಗಿಳಿಯುವ ಮೊದಲೇ ಬೆಳ್ಳಂಬೆಳಗ್ಗೆ ಹೋಗಿ ನೋಡು: ಯಾರಾದರೂ ಒಂದು ಕೊಡ ತಂದಾರೇನೋ ಎಂದು ಕೊಳದ ನೀರು ತಳ ಕಾಣುವಷ್ಟು ತಿಳಿಯಾಗಿ ಕಾಯುತ್ತಿರುತ್ತದೆ.